ಲೋಹಣ್ಣನ ನಾಲ್ಕನೆಯ ತಟ್ಟು

ಲೋಹಣ್ಣನ ಬೆರಳು ಅವಳ ಅಂಗೈಯ ಮೇಲೆ ನಾಲ್ಕನೆಯ ಸಲ ತಟ್ಟಿದಾಗ ಅವಳು ಮೊದಲು ನೋಡಿದ್ದು ಗೋಡೆಯನ್ನು.

ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಕುರುಡನಿಗೂ ಕಾಣುವಷ್ಟು ದಪ್ಪವಾಗಿ ಬರೆದಿತ್ತು. ಒಂದು ತಟ್ಟಿದರೆ ಎಲ್ಲ ಸರಿಯಿದೆ. ಎರಡು ತಟ್ಟಿದರೆ ಬಿಗಿಯಾಗಿದೆ. ಮೂರು ತಟ್ಟಿದರೆ ತಕ್ಷಣ ಬಿಚ್ಚಿ. ನಾಲ್ಕರ ಸುದ್ದಿಯೇ ಅಲ್ಲಿರಲಿಲ್ಲ.

ಅವಳು ತಲೆಯೆತ್ತಿ ಲೋಹಣ್ಣನ ಮುಖ ನೋಡಿದಳು. ಏನೂ ತಿಳಿಯಲಿಲ್ಲ. ತಿಳಿಯುವುದಕ್ಕೆ ಅದು ಮುಖವಲ್ಲ, ಕಪ್ಪು ಫೈಬರಿನ ಹೆಲ್ಮೆಟ್ಟು. ಕಣ್ಣಿದ್ದ ಕಡೆ ಎರಡು ಹಳದಿ ದೀಪ. ಅವನು ಕೈ ಎಳೆದುಕೊಂಡು ಧಡ್ ಧಡ್ ಎಂದು ಹೆಜ್ಜೆ ಹಾಕುತ್ತ ಬಾಗಿಲಿಗೆ ಹೋದ. ಅಲ್ಲಿ ನಿಂತ. ಬೀರುವನ್ನು ಸರಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ತಿರುಗಿಸಿ ಅವಳತ್ತ ಒಮ್ಮೆ ನೋಡಿದ. ಮತ್ತೆ ಅಷ್ಟೂ ಮೈಯನ್ನು ಆ ಕಡೆಗೆ ತಿರುಗಿಸಿಕೊಂಡು ಹೊರಟುಹೋದ.

ಅವಳು ಅಂಗೈಯನ್ನು ಸೀರೆಗೋ ಏಪ್ರನ್ನಿಗೋ ಒರೆಸಿಕೊಳ್ಳಬೇಕೆಂದು ಕೈ ಇಳಿಸಿದವಳು, ಒರೆಸಿಕೊಳ್ಳಲಿಲ್ಲ.

ಲೋಹಣ್ಣ ಮನುಷ್ಯನಲ್ಲ, ಉಡುಪು. ಅದಕ್ಕೂ ಮೊದಲು ಅವನೊಂದು ಗೇಣುದ್ದದ ಬೊಂಬೆ, ಹೆಸರು ಕರಿಲೋಹ; ಸಿನಿಮಾದವರ ಬಾಯಲ್ಲಿ ಲೋಹಣ್ಣ. ಬೊಂಬೆ ಮಾರುವುದಕ್ಕೆಂದು ಒಂದು ಸಿನಿಮಾ ಮಾಡಿದರು. ಸಿನಿಮಾ ಓಡಿತು, ಬೊಂಬೆ ಇನ್ನೂ ಓಡಿತು. ಈಗ ಎರಡನೆಯ ಭಾಗ. ಎರಡನೆಯ ಭಾಗವೆಂದ ಮೇಲೆ ಎಲ್ಲವೂ ಒಂದು ಕೈ ಮೇಲೇ ಇರಬೇಕಲ್ಲ. ಸ್ಫೋಟ ದೊಡ್ಡದಾಯಿತು, ಗೋಪುರ ಎತ್ತರವಾಯಿತು, ಲೋಹಣ್ಣನ ಕವಚ ಎತ್ತಿನ ಮೇಲೆ ಹೇರುವಷ್ಟು ಭಾರವಾಯಿತು.

ಬೊಂಬೆ ಕಂಪನಿಯಿಂದ ಬಂದ ಒಬ್ಬ ಹೆಂಗಸು ಸೆಟ್ಟಿನಲ್ಲೇ ಇರುತ್ತಿದ್ದಳು. ಒಂದು ಕೈಯಲ್ಲಿ ಬೊಂಬೆ, ಇನ್ನೊಂದು ಕೈಯಲ್ಲಿ ಸ್ಕೇಲು. ಎಲ್ಲರೂ ಅವಳನ್ನು ಅಳತೆ ಮೇಡಂ ಎನ್ನುತ್ತಿದ್ದರು. ಬೊಂಬೆಯಲ್ಲಿ ಇಲ್ಲದ್ದು ಸಿನಿಮಾದಲ್ಲಿ ಇರಕೂಡದು ಎಂಬುದು ಅವಳ ವೇದವಾಕ್ಯ. ಬೊಂಬೆಯ ಕತ್ತು ತಿರುಗುವುದಿಲ್ಲ. ಮೊದಲ ಭಾಗದಲ್ಲಿ ಲೋಹಣ್ಣ ಒಂದೇ ಒಂದು ಸಲ ಕತ್ತು ಹೊರಳಿಸಿ ನೋಡಿದ್ದಕ್ಕೆ ಮಕ್ಕಳೆಲ್ಲ ತಮ್ಮ ತಮ್ಮ ಬೊಂಬೆಯ ಕತ್ತನ್ನೂ ತಿರುಗಿಸಲು ಹೋಗಿ, ಮನೆಮನೆಯಲ್ಲೂ ರುಂಡ ಒಂದು ಕಡೆ ಮುಂಡ ಒಂದು ಕಡೆ ಆಗಿತ್ತಂತೆ. ಹಾಗಾಗಿ ಈ ಸಲ ಹೆಲ್ಮೆಟ್ಟನ್ನು ಭುಜಕ್ಕೇ ಬೋಲ್ಟು ಹಾಕಿ ಬಿಗಿದಿದ್ದರು. ಒಳಗಿದ್ದವನು ಪಕ್ಕಕ್ಕೆ ನೋಡಬೇಕೆಂದರೆ ಇಡೀ ತಾನೇ ತಿರುಗಬೇಕು.

ಒಳಗೆ ಯಾರು ಎಂಬುದೇ ತೊಡಕು. ಲೋಹಣ್ಣನೊಳಗೆ ಇಬ್ಬರಿದ್ದರು, ಒಬ್ಬರಾದ ಮೇಲೆ ಒಬ್ಬರು. ಒಬ್ಬ ನಟ; ಗಾಳಿಗೆ ಎದುರಾಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು ಅವನ ಕೆಲಸ. ಇನ್ನೊಬ್ಬ ಸ್ಟಂಟಿನವನು, ಗೋಪುರದಿಂದ, ಗಾಡಿಯಿಂದ, ಕುದುರೆಯಿಂದ ಬೀಳುವುದು ಅವನ ಕೆಲಸ. ಸೆಟ್ಟಿನವರು ಇಬ್ಬರಿಗೂ ಸುಲಭದ ಹೆಸರಿಟ್ಟಿದ್ದರು: ನಿಲ್ಲೋನು, ಬೀಳೋನು. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ಇಲ್ಲದಿದ್ದರೆ ಒಂದೇ ಕವಚ ಇಬ್ಬರಿಗೆ ಹಿಡಿಸುತ್ತಿರಲಿಲ್ಲ. ಮುಖವಾಡದ ಹಿಂದೆ ಕರಿಲೋಹನ ಮುಖ ಹೇಗಿದೆ ಎಂಬುದೇ ಎರಡನೆಯ ಭಾಗದ ದೊಡ್ಡ ಗುಟ್ಟಾದ್ದರಿಂದ, ಯಾರೇ ಆಗಲಿ, ಒಳಕೋಣೆಯಲ್ಲೇ ಹೆಲ್ಮೆಟ್ಟು ಹಾಕಿಕೊಂಡು ಹೊರಗೆ ಬರಬೇಕೆಂದು ಕಟ್ಟಪ್ಪಣೆಯಾಗಿತ್ತು. ಅವಳ ಕೈಗೆ ಸಿಗುತ್ತಿದ್ದುದು ಮುಖವಿಲ್ಲದ ಲೋಹಣ್ಣ.

ಬೆನ್ನ ಹಿಂದಿನ ಬಕಲ್‌ಗಳು, ತಂಪುಗಾಳಿಯ ಕೊಳವೆ, ಕಣ್ಣಿನ ದೀಪದ ಬ್ಯಾಟರಿ, ಇಷ್ಟು ಅವಳ ಪಾಲಿನದು. ಹೆಲ್ಮೆಟ್ಟಿನೊಳಗೆ ಫ್ಯಾನು ಗುಂಯ್‌ಗುಡುತ್ತಿತ್ತು. ಹೊರಗಿನ ಮಾತು ಒಳಗಿಲ್ಲ, ಒಳಗಿನ ಮಾತು ಹೊರಗಿಲ್ಲ. ಎಲ್ಲ ಮುಗಿದ ಮೇಲೆ ಅವಳು ಮುಂದೆ ಬಂದು ಅಂಗೈ ಚಾಚುವಳು, ಅವನು ತಟ್ಟುವನು. ಅಷ್ಟೇ ಅವರ ಭಾಷೆ.

ಅವಳು ಓದಿದ್ದು ಬೇರೆ, ಬಹಳ ಓದಿದ್ದಳು. ಗಂಡ ಹೋದ ಮೇಲೆ ಪುಸ್ತಕದ ಸಾಲುಗಳು ಕಣ್ಣಿಗೆ ಹತ್ತದಾದವು. ಕೈಗೊಂದು ಕೆಲಸ ಬೇಕಿತ್ತು. ಪರಿಚಯದ ಉಡುಪಿನ ಮಾಸ್ಟರ್ ಕರೆದರು, ಬಂದಳು. ಬಕಲ್ಲಿನಲ್ಲಿ ಅರ್ಥ ಹುಡುಕುವ ಗೋಜಿಲ್ಲ. ಕ್ಲಿಕ್ ಎಂದರೆ ಕೂತಿದೆ, ಎನ್ನದಿದ್ದರೆ ಇಲ್ಲ. ಜನ ಅವಳನ್ನು ಬಕಲಕ್ಕ ಎಂದರು. ಅವಳು ಓಗೊಟ್ಟಳು.

ಗಂಡ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, ಎಲ್ಲರೂ ಹೇಳುವ ಹಾಗೆ, ಹೋಗಿ ಬರ್ತೀನಿ ಎಂದಿದ್ದ. ರಸ್ತೆ ದಾಟುತ್ತಿದ್ದನಂತೆ. ಬರಲಿಲ್ಲ.

ಅಂದಿನಿಂದ ಆ ಮಾತು ಅವಳ ಮನೆಯಲ್ಲಿ ನಿಂತುಹೋಯಿತು. ಕೆಲಸಕ್ಕೆ ಹೊರಡುವಾಗ ಅವಳು ಬಾಗಿಲು ಹಾಕ್ಕೊಳ್ಳಿ ಅತ್ತೆ ಎನ್ನುತ್ತಿದ್ದಳು. ಅತ್ತೆ ಹಾಕಿಕೊಳ್ಳುತ್ತಿದ್ದರು. ಸೆಟ್ಟಿನಲ್ಲಿ ಸಂಜೆ ಹುಡುಗರು ಬರ್ತೀವಿ ಅಕ್ಕಾ ಎಂದು ಹೊರಟರೆ ಅವಳು ಏನನ್ನೋ ಹುಡುಕುವವಳ ಹಾಗೆ ಪೆಟ್ಟಿಗೆಯೊಳಕ್ಕೆ ಬಗ್ಗುತ್ತಿದ್ದಳು.

ನಾಲ್ಕು ತಟ್ಟಿದರೆ ಏನೆಂದು ಮಾಸ್ಟರನ್ನು ಕೇಳಿದಳು. ಮಾಸ್ಟರ್ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ, ನಾಲ್ಕು ಅಂತ ಇಲ್ಲಮ್ಮ, ಒಂದು ತಟ್ಟೋಕೆ ಹೋಗಿ ಕೈ ಜಾರಿರಬೇಕು ಎಂದರು. ಕೈ ಜಾರಿದರೆ ಒಂದೇ ಸಲ ಜಾರುತ್ತದೆ. ಮರುದಿನವೂ ನಾಲ್ಕು ಬಿತ್ತು. ಅದರ ಮರುದಿನ ಒಂದೇ. ಆಮೇಲೆ ಮತ್ತೆ ನಾಲ್ಕು. ನಾಲ್ಕು ತಟ್ಟಿದ ದಿನವೆಲ್ಲ ಬಾಗಿಲ ಬಳಿ ಆ ಬೀರು ಸರಿಸುವ ನೋಟವೂ ಇರುತ್ತಿತ್ತು. ಒಂದೇ ತಟ್ಟಿದ ದಿನ ಲೋಹಣ್ಣ ನೆಟ್ಟಗೆ ಹೋಗುತ್ತಿದ್ದ, ಗೋಣಿಚೀಲದ ಹಾಗೆ.

ಅಂದಮೇಲೆ ಇಬ್ಬರಲ್ಲಿ ಒಬ್ಬ. ಯಾರು?

ಬೀಳುವ ದೃಶ್ಯವಿದ್ದರೆ ಬೀಳೋನು, ನಿಲ್ಲುವ ದೃಶ್ಯವಿದ್ದರೆ ನಿಲ್ಲೋನು ಎಂದು ಲೆಕ್ಕ ಹಾಕೋಣವೆಂದರೆ ಅದೂ ಕೆಟ್ಟಿತ್ತು. ಎರಡನೆಯ ಭಾಗದಲ್ಲಿ ತಾನೂ ಒಂದೆರಡು ಕಡೆ ಬೀಳುತ್ತೇನೆಂದು ನಿಲ್ಲೋನು ಹಟ ಹಿಡಿದಿದ್ದ. ಅವನು ಬಿದ್ದು ಸುಸ್ತಾದ ದಿನ ಅವನ ಬದಲು ಬೀಳೋನು ಹೋಗಿ ನಿಲ್ಲುತ್ತಿದ್ದ. ಯಾವ ಹುತ್ತದಲ್ಲಿ ಯಾವ ಹಾವೆಂದು ಹೇಳುವವರಿರಲಿಲ್ಲ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಂತೋಷವಾಯಿತೆ ಎಂದರೆ ಅದೂ ಅಲ್ಲ. ಗಂಡ ಹೋದ ಮೇಲೆ ಅವಳನ್ನು ಮುಟ್ಟಿದವರೆಲ್ಲ ಸಮಾಧಾನ ಹೇಳುವುದಕ್ಕೇ ಮುಟ್ಟಿದ್ದರು. ಭುಜದ ಮೇಲೆ ಬಿದ್ದ ಕೈಗಳ ಭಾರ ಅವಳಿಗೆ ಬಾಯಿಪಾಠವಾಗಿತ್ತು. ಇದು ಆ ಕೈಯಲ್ಲ. ಒಂದಿಂಚು ರಬ್ಬರಿನ ಗವಸಿನ ಬೆರಳು, ಏನೋ ಹೇಳುತ್ತಿದೆ. ಏನೆಂದು ತಿಳಿಯುತ್ತಿಲ್ಲ. ಹೇಳುತ್ತಿರುವುದು ಯಾರೆಂದೂ ತಿಳಿಯುತ್ತಿಲ್ಲ. ಎರಡೂ ತಿಳಿಯದ ಮಾತಿಗೆ ಅಂಗೈ ಯಾಕೆ ಬೆಳಿಗ್ಗೆಯಿಂದ ಕಾಯಬೇಕು?

ಅತ್ತೆಗೆ ಹೇಳಬಾರದೆಂದುಕೊಂಡೇ ಹೇಳಿದಳು. ಅತ್ತೆ ಬಟಾಣಿ ಸುಲಿಯುತ್ತಿದ್ದರು.

"ನಾಲ್ಕಾ?" ಎಂದರು.

"ನಾಲ್ಕು."

"ಕೇಳೋದಲ್ವಾ?"

"ಯಾರನ್ನ ಕೇಳ್ಲಿ ಅತ್ತೆ? ತಪ್ಪಿ ಇನ್ನೊಬ್ಬರನ್ನ ಕೇಳಿದ್ರೆ ಮಾನ ಹೋಗುತ್ತೆ."

ಅತ್ತೆ ಒಂದು ಸಿಪ್ಪೆಯನ್ನು ಕೊನೆಯವರೆಗೂ ಸುಲಿದರು. ಮಗ ಚಿಕ್ಕವನಿದ್ದಾಗ ಅವನ ಹತ್ತಿರವೂ ಅಂಥದೊಂದು ಬೊಂಬೆಯಿತ್ತೆಂದೂ, ಅದು ತನ್ನನ್ನು ತಿರುಗಿ ನೋಡುವುದಿಲ್ಲವೆಂದು ಅವನು ಅಳುತ್ತಿದ್ದನೆಂದೂ ಹೇಳಿದರು. ನೋಡಬೇಕೂಂದ್ರೆ ನೀನೇ ಅದರ ಮುಂದೆ ಹೋಗಿ ಕೂತ್ಕೋ ಎಂದು ತಾವು ಬುದ್ಧಿ ಹೇಳಿದ್ದರಂತೆ. ಮಗನ ಮಾತು ಆ ಮನೆಯಲ್ಲಿ ಅಷ್ಟು ಹಗುರಾಗಿ ಬಂದದ್ದು ಅದೇ ಮೊದಲು.

ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ, "ನಿನ್ನ ಅಲ್ಲಿ ಎಲ್ಲರೂ ಅಕ್ಕ ಅಂತಾರಲ್ಲ?" ಎಂದರು.

"ಹೂಂ."

"ಅನ್ನದೇ ಇರೋನು ಯಾರು ನೋಡು. ಮನಸ್ಸಲ್ಲಿ ಏನಾದ್ರೂ ಇದ್ದೋನು ಬಾಯ್ತುಂಬ ಅಕ್ಕ ಅನ್ನಲ್ಲ."

ಎಂಥ ಸೂಕ್ಷ್ಮ ಎಂದು ಅವಳಿಗೆ ಆಶ್ಚರ್ಯವಾಯಿತು. ಮರುದಿನ ಊಟದ ಹಾಲಿನಲ್ಲಿ ಮೈಯೆಲ್ಲ ಕಿವಿ ಮಾಡಿಕೊಂಡು ಕೂತಳು. ನಿಲ್ಲೋನು ಅವಳನ್ನು ಡಿಯರ್ ಎಂದ. ಅವನು ಅಳತೆ ಮೇಡಮ್ಮನ್ನೂ, ಕಾಫಿ ಕೊಡುವ ಮುದುಕನನ್ನೂ, ಎದುರಿಗೆ ಬಂದ ನಾಯಿಯನ್ನೂ ಡಿಯರ್ ಎಂದ. ಬೀಳೋನು ಏನೂ ಎನ್ನಲಿಲ್ಲ. ಉಪ್ಪು ಬೇಕಾದಾಗ "ರೀ, ಸ್ವಲ್ಪ ಅದು" ಎಂದ. ಇಬ್ಬರೂ ಅಕ್ಕ ಎನ್ನಲಿಲ್ಲ. ಅತ್ತೆಯ ಸೂಕ್ಷ್ಮ ಅಲ್ಲಿಗೆ ಮುಗಿಯಿತು.

ಆಗಲೇ ಹಿಂದಿನಿಂದ ಯಾರೋ ಬೀಳೋನನ್ನು ಕರೆದರು. ಅವನು ತಟ್ಟೆ ಹಿಡಿದುಕೊಂಡೇ ಇಡೀ ಮೈ ತಿರುಗಿಸಿ ನೋಡಿದ. ಅವಳ ಕೈಯ ಚಮಚ ನಿಂತಿತು. ಅದೇ ತಿರುಗು, ಅದೇ ಬೀರು. ಎದೆಯೊಳಗೆ ಏನೋ ಕ್ಲಿಕ್ ಎನ್ನುವುದರಲ್ಲಿತ್ತು; ಅಷ್ಟರಲ್ಲಿ ಡೈರೆಕ್ಟರು ನಿಲ್ಲೋನನ್ನು ಕೂಗಿದರು, ಅವನೂ ಸೊಂಟದಿಂದ ಮೇಲೆ ಒಂದೇ ತುಂಡಾಗಿ ತಿರುಗಿದ. ತಿಂಗಳುಗಟ್ಟಲೆ ಆ ಕವಚದಲ್ಲಿದ್ದು ಇಬ್ಬರೂ ಕತ್ತೆಂಬುದೊಂದಿದೆ ಎನ್ನುವುದನ್ನೇ ಮರೆತಿದ್ದರು.

ಅವಳಿಗೆ ನಗು ಬಂತು. ಬಂದದ್ದು ನಗು ಎಂದು ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತಲೆ ತಗ್ಗಿಸಿ ನಗುತ್ತಿದ್ದವಳು ಕಣ್ಣೆತ್ತಿದಾಗ ಬೀಳೋನು ಅವಳನ್ನೇ ನೋಡುತ್ತಿದ್ದ. ತಕ್ಷಣ ನೋಟ ತಗ್ಗಿಸಿ, ಉಪ್ಪು ಹಾಕಿದ್ದಕ್ಕೇ ಮತ್ತೆ ಉಪ್ಪು ಹಾಕಿಕೊಂಡ.

ಒಂದು ಮಧ್ಯಾಹ್ನ ಅವನು ಮೊಣಕಾಲಿನ ಪಟ್ಟಿ ಹರಿದುಕೊಂಡು ಅವಳ ಮೇಜಿಗೆ ಬಂದ. ಹೊಲಿಯುವವರೆಗೂ ಎದುರಿನ ಸ್ಟೂಲಿನ ಮೇಲೆ ಕೂತ. ಅವನ ಗದ್ದದ ಕೆಳಗೆ ಹಳೆಯ ಗಾಯದ ಬಿಳಿಯ ಗೆರೆಯಿತ್ತು. ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಅವಳು ಬೆರಳುಗಳನ್ನೇ ನೋಡಿದಳು. ಗವಸಿಲ್ಲದ ಬೆರಳುಗಳು ಏನನ್ನೂ ಹೇಳಲಿಲ್ಲ.

ಸೂಜಿಯಿಂದ ಕಣ್ಣೆತ್ತದೆ ಕೇಳಿದಳು. "ನಿಮಗೆ ಎಷ್ಟರವರೆಗೆ ಎಣಿಸೋಕೆ ಬರುತ್ತೆ?"

"ಯಾಕೆ, ಶಾಲೆಗೆ ಸೇರಿಸ್ತೀರಾ?"

"ಸುಮ್ನೆ ಕೇಳ್ದೆ."

"ಮೂರರವರೆಗೆ." ಅವನು ನಗಲಿಲ್ಲ. "ಒಂದು, ಎರಡು, ಮೂರು ಅಂತಾರೆ, ನಾನು ಬೀಳ್ತೀನಿ. ನಮ್ಮ ಕಸುಬಲ್ಲಿ ಮೂರಾದ್ಮೇಲೆ ಏನಿದೆ ಅಂತ ಬಿದ್ದೆದ್ದ ಮೇಲೇ ಗೊತ್ತಾಗೋದು."

"ಭಯ ಆಗಲ್ವಾ?"

"ಬೀಳೋದಕ್ಕೇನು ಭಯ, ನೆಲ ಎಲ್ಲಿಗೂ ಓಡಿಹೋಗಲ್ಲ." ಅವಳ ಕೈಯ ಪಟ್ಟಿಯನ್ನು ನೋಡುತ್ತ, "ಹತ್ತೋಕೆ ಹೋಗುವಾಗ ಸ್ವಲ್ಪ ಆಗುತ್ತೆ," ಎಂದ.

ಅವಳು ದಾರ ಕಡಿದು ಪಟ್ಟಿ ಕೊಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಚೆನ್ನಾಗಿ ಹೊಲಿದರೆ ಮೊಣಕಾಲೇ ಮೊದಲು ಹರಿಯುತ್ತದೆಂದು ಹೇಳಿ ಹೋದ. ಅವಳಿಗೆ ಏನು ತಿಳಿಯಿತು? ಏನೂ ಇಲ್ಲ. ಅವನೇ ಆಗಿದ್ದರೆ ಎಣಿಕೆಯ ಮಾತಿಗೆ ಬೆಚ್ಚಬೇಕಿತ್ತಲ್ಲ. ಬೆಚ್ಚದಿರುವುದೇ ಅವನ ಕಸುಬು ಎಂಬುದೂ ನೆನಪಾಯಿತು.

ಅದೇ ಸಂಜೆ ನಿಲ್ಲೋನು ಎದುರಾಗಿ, ನಿಮ್ಮ ಕೈ ಬಹಳ ತಣ್ಣಗಿರುತ್ತದೆ ಡಿಯರ್, ನನಗೆ ಇಷ್ಟ ಎಂದು ಹೇಳಿ ಹೋದ. ಒಂದಿಂಚು ರಬ್ಬರಿನ ಗವಸಿನೊಳಗಿಂದ ತಣ್ಣಗಿರುವುದು ಹೇಗೆ ತಿಳಿಯಿತೆಂದು ಅವಳು ಕೇಳಲಿಲ್ಲ. ಆದರೆ ಆ ರಾತ್ರಿ ಹಾಸಿಗೆಯ ಮೇಲೆ ಒಂದು ಮಾತು ಅವಳಿಗೆ ಹೊಳೆಯಿತು. ನಾಲ್ಕು ತಟ್ಟಿದವನು ಇವನೇ ಇರಬಹುದು ಎಂದುಕೊಂಡೊಡನೆ ಅಂಗೈಯನ್ನು ಸೀರೆಗೆ ಒರೆಸಿಕೊಂಡಿದ್ದಳು. ಇವನು ಆಗದಿರಲಿ ಎಂದು ಹೆದರುತ್ತಿದ್ದಾಳೆಂದರೆ, ಅವನಾಗಿರಲಿ ಎಂದು ಯಾವಾಗಿನಿಂದ ಬಯಸುತ್ತಿದ್ದಾಳೆ? ಗೋಡೆಯ ಮೇಲಿನ ಗಂಡನ ಫೋಟೋ ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಅವಳು ಅತ್ತಲೇ ನೋಡುತ್ತ ಮಲಗಿದಳು. ಬೇಸರವೋ ನಾಚಿಕೆಯೋ ಹಸಿವೋ, ಒಂದೂ ಬಿಡಿಸಿ ಗೊತ್ತಾಗಲಿಲ್ಲ.

ಕವಚವನ್ನು ಪೆಟ್ಟಿಗೆಗೆ ಹಾಕುವ ದಿನ ಬಂತು. ಅಂದು ಗೋಪುರದಿಂದ ಬೀಳುವ ದೊಡ್ಡ ದೃಶ್ಯ. ಅದಾದ ಮೇಲೆ ಲೋಹಣ್ಣನ ಕೆಲಸ ಮುಗಿದ ಹಾಗೆ. ಬೀಳೋನು ಬೇರೆ ಯಾವುದೋ ಸಿನಿಮಾದಲ್ಲಿ ಬೀಳುವುದಕ್ಕೆ ಹೋಗುತ್ತಾನೆ. ನಿಲ್ಲೋನು ಬೇರೆಲ್ಲೋ ನಿಲ್ಲುತ್ತಾನೆ. ನಾಲ್ಕರ ಅರ್ಥ ಆ ಕಪ್ಪು ಗವಸಿನ ಜೊತೆ ಪೆಟ್ಟಿಗೆಯೊಳಗೆ ಹೋಗಿಬಿಡುತ್ತದೆ.

ಅಂದು ಬೆಳಿಗ್ಗೆ ಬಾಗಿಲು ಹಾಕಿಕೊಳ್ಳುತ್ತ ಅತ್ತೆ ಹೇಳಿದರು. "ನೋಡು, ಹೋದೋನು ನನ್ನ ಮಗ. ನೀನಲ್ಲ."

ಅವಳು ಮೆಟ್ಟಿಲಿಳಿದಳು.

ಗೋಪುರದಿಂದ ಬೀಳುವುದೆಂದ ಮೇಲೆ ಒಳಗಿರುವವನು ಬೀಳೋನೇ, ಇದರಲ್ಲಿ ಅನುಮಾನವಿಲ್ಲ. ಲೋಹಣ್ಣ ಒಳಕೋಣೆಯಿಂದ ಬಂದು ಬೆನ್ನು ಕೊಟ್ಟು ನಿಂತ. ಅವಳು ಒಂದೊಂದೇ ಬಕಲ್ ಹಾಕಿದಳು. ಕೊಳವೆ ಸಿಕ್ಕಿಸಿದಳು. ಮುಂದೆ ಬಂದಳು. ಅವನು ಕೈಯೆತ್ತುವ ಮೊದಲೇ, ಅವಳಿಗಿಂತ ಮುಂಚೆ ಅವಳ ಕೈ ಹೊರಟಿತು. ಅವನ ಗವಸನ್ನು ಹಿಡಿದು, ಅಂಗೈ ಮೇಲೆ ಮಾಡಿ, ಒಂದು, ಎರಡು, ಮೂರು, ನಾಲ್ಕು ತಟ್ಟಿದಳು. ಅರ್ಥ ಗೊತ್ತಿಲ್ಲದ ಮಾತನ್ನು ಹಾಗೆಯೇ ವಾಪಸ್ ಹೇಳುವುದು ಹುಚ್ಚುತನ. ಆದರೂ ಹೇಳಿದಳು.

ಲೋಹಣ್ಣ ಕಲ್ಲಾದ. ಆಮೇಲೆ ಎರಡೂ ಕೈ ಮೇಲೆತ್ತಿದ. ಅವಳ ತೋಳಿನ ಮೇಲೆ, ಮೇಜಿನ ಮೇಲೆ, ತನ್ನ ಎದೆಯ ಮೇಲೆ ಪಟಪಟ ಮೂರು ಮೂರು ತಟ್ಟತೊಡಗಿದ. ಬಿಚ್ಚಿ, ಬಿಚ್ಚಿ, ಬಿಚ್ಚಿ.

ಯಾರೋ ಸೀಟಿ ಊದಿದರು. ದೀಪಗಳು ಆರಿದವು. ಬೆಂಕಿ ಆರಿಸುವ ಡಬ್ಬ ಹಿಡಿದುಕೊಂಡು ಇಬ್ಬರು ಓಡಿಬಂದರು. ಗೋಡೆಯ ಮೇಲೆ ಆ ಸನ್ನೆಗಳನ್ನು ಬರೆಸಿದ್ದ ಸೇಫ್ಟಿ ಸಾಹೇಬರು ತಾವೇ ಬೋಲ್ಟು ತಿರುವಿ ಹೆಲ್ಮೆಟ್ಟು ಕಿತ್ತರು.

ಒಳಗಿದ್ದವನು ನಿಲ್ಲೋನು. ಬೀಳುವುದಕ್ಕೆ ಮುಂಚೆ ಗೋಪುರದ ತುದಿಯಲ್ಲಿ ನಿಲ್ಲುವ ಒಂದು ಶಾಟನ್ನು ಡೈರೆಕ್ಟರು ಆಗಷ್ಟೇ ಮುಂದಕ್ಕೆ ಹಾಕಿದ್ದರು, ಅವಳಿಗೆ ಯಾರೂ ಹೇಳಿರಲಿಲ್ಲ. ಅವನ ಮುಖದ ತುಂಬ ಕಪ್ಪು ಬಣ್ಣ, ಕಣ್ಣಿನ ಸುತ್ತ ಹಳದಿ. ಹೆಲ್ಮೆಟ್ಟು ಹೇಗಿತ್ತೋ ಹಾಗೆಯೇ. ಇಷ್ಟು ದಿನ ಬಚ್ಚಿಟ್ಟ ಗುಟ್ಟು ಅದು: ಮುಖವಾಡದ ಹಿಂದೆಯೂ ಅದೇ ಮುಖ. ಮಾಸ್ಟರ್ ಸೂಜಿ ಕಚ್ಚಿದ್ದ ಬಾಯಿಂದಲೇ, ಇದಕ್ಕಾ ಇಷ್ಟು ಬಂದೋಬಸ್ತು ಎಂದರು. ಅಳತೆ ಮೇಡಂ ಬೊಂಬೆಯನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಳು.

ನಿಲ್ಲೋನು ಒಳ್ಳೆಯವನೇ. ಅವಳ ಮೇಲೆ ರೇಗಲಿಲ್ಲ. ಗೋಡೆಯ ಮೇಲೆ ಇಲ್ಲದ ಸನ್ನೆ ಬಂತಲ್ಲ, ಬೆನ್ನಿನ ಬ್ಯಾಟರಿಗೆ ಬೆಂಕಿಯೇ ಹತ್ತಿತೇನೋ ಎಂದುಕೊಂಡೆ ಎಂದು ನೀರು ಕುಡಿದ. ಅವನಿಗೆ ನಾಲ್ಕು ಗೊತ್ತೇ ಇರಲಿಲ್ಲ. ಆ ಗದ್ದಲದಲ್ಲೂ ಅವಳೊಳಗೆ ಒಂದು ಜಾಗ ಹಗುರಾಯಿತು.

ಸೇಫ್ಟಿ ಸಾಹೇಬರು ಬಿಡುವವರಲ್ಲ. ಎತ್ತರದಲ್ಲಿ ನಿಲ್ಲಬೇಕಾದ ಮನುಷ್ಯನಿಗೆ ಇಲ್ಲದ ಸನ್ನೆ ಕೊಟ್ಟರೆ ಪ್ರಾಣಕ್ಕೆ ಕುತ್ತು ಎಂದರು. ಅದು ನಿಜ. ನಾಲ್ಕೆಂದರೇನು, ಹೇಳಿಕೊಟ್ಟವರು ಯಾರು, ಹೇಳದಿದ್ದರೆ ಈಗಲೇ ಹೊರಗೆ ನಡೆಯಿರಿ ಎಂದರು. ಎಲ್ಲರೂ ಅವಳನ್ನೇ ನೋಡಿದರು. ಅವಳು ಬಾಯಿ ತೆರೆದಳು. ಹೇಳುವುದಕ್ಕೆ ಅವಳಿಗೇ ಏನು ಗೊತ್ತಿತ್ತು?

"ನಾನು ಸಾರ್."

ಬೀಳೋನು ಒಳಕೋಣೆಯ ಬಾಗಿಲಲ್ಲಿದ್ದ, ಮೈಗೆ ಬನಿಯನ್ನು, ಮೊಣಕಾಲಿಗೆ ಅವಳು ಹೊಲಿದ ಪಟ್ಟಿ. ಜನ ಸರಿದರು. ಅವನು ಅವಳತ್ತ ನೋಡಲಿಲ್ಲ.

"ನೀನಾ? ಏನರ್ಥ ಅದಕ್ಕೆ?"

ಅವನು ಒಂದು ಉಸಿರಿನಷ್ಟು ಯೋಚಿಸಿದ. "ಬೆನ್ನು ತುರಿಸ್ತಿದೆ ಅಂತ."

ಮೊದಲು ನಕ್ಕವರು ಮಾಸ್ಟರ್. ಆಮೇಲೆ ಇಡೀ ಸೆಟ್ಟು. ಆ ಕವಚ ತೊಟ್ಟವನಿಗೇ ಗೊತ್ತು, ಬೆನ್ನು ತುರಿಸುವ ಸಂಕಟ ನಿಜವಾದದ್ದು ಎಂದು ನಿಲ್ಲೋನು ಸಾಕ್ಷಿ ಹೇಳಿದ. ಸೇಫ್ಟಿ ಸಾಹೇಬರಿಗೆ ನಗು ಬರುವುದಿಲ್ಲ. ಸನ್ನೆ ಇದ್ದ ಮೇಲೆ ಎಲ್ಲರಿಗೂ ಗೊತ್ತಿರಬೇಕು ಎಂದು ಹೇಳಿ, ಕೆಂಪು ಬಣ್ಣ ತರಿಸಿ, ಗೋಡೆಯ ಮೇಲೆ ಮೂರರ ಕೆಳಗೆ ಬರೆಸಿಯೇಬಿಟ್ಟರು: ನಾಲ್ಕು ತಟ್ಟಿದರೆ ಬೆನ್ನು ತುರಿಸುತ್ತಿದೆ.

ನಿಲ್ಲೋನು ನಿಂತು ಬಂದ. ಆಮೇಲೆ ಬೀಳೋನ ಸರದಿ. ಗುಟ್ಟು ಹೇಗೂ ಬೀದಿಪಾಲಾಗಿದ್ದರಿಂದ ಅವನು ಹೆಲ್ಮೆಟ್ಟಿಲ್ಲದೆಯೇ ಅವಳ ಕೋಣೆಗೆ ಬಂದು ಬೆನ್ನು ಕೊಟ್ಟು ನಿಂತ. ಗೋಡೆಯ ಬಣ್ಣ ಇನ್ನೂ ಹಸಿಯಾಗಿತ್ತು.

ಮೊದಲ ಬಕಲ್ ಹಾಕಿದಳು. ಅವನ ಕಿವಿಯ ಹಿಂಭಾಗ ಕೆಂಪಗಿತ್ತು. ಎರಡನೆಯದು ಹಾಕಿದಳು.

"ನಿಜವಾಗ್ಲೂ ಬೆನ್ನು ತುರಿಸ್ತಿತ್ತಾ?"

"ಒಂದೊಂದ್ಸಲ."

"ಸುಳ್ಳು ಹೇಳಿ ಬೀಳೋಕೆ ಹೋಗ್ಬಾರ್ದು."

ಅವನು ತಿರುಗಲಿಲ್ಲ. ಅವಳ ಕೈ ಇನ್ನೂ ಅವನ ಭುಜದ ಹಿಂದಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಒಂದು ಸಂಜೆ ಹುಡುಗರು ಬರ್ತೀವಿ ಅಕ್ಕಾ ಎಂದು ಹೊರಟಾಗ ಅವಳು ಪೆಟ್ಟಿಗೆಯೊಳಕ್ಕೆ ಬಗ್ಗಿದ್ದನ್ನು ನೋಡಿದ್ದನಂತೆ. ಪೆಟ್ಟಿಗೆ ಖಾಲಿಯಿತ್ತಂತೆ. ಮರುದಿನವೂ ಹಾಗೇ ಬಗ್ಗಿದ್ದಳಂತೆ. ಮಾಸ್ಟರನ್ನು ಕೇಳಿದಾಗ ಅವರು ಇಷ್ಟೇ ಹೇಳಿದರಂತೆ, ಅವಳ ಗಂಡ ಹಾಗೆ ಹೇಳಿ ಹೋದವನು ಎಂದು.

"ನಮ್ಮ ಕಸುಬಲ್ಲಿ ಹಾಗೆ ಹೇಳದೆ ಮೇಲೆ ಹತ್ತಲ್ಲ," ಎಂದ. "ಯಾರಿಗಾದ್ರೂ ಹೇಳ್ಲೇಬೇಕು. ನನಗೆ ನಿಮಗೆ ಹೇಳ್ಬೇಕು ಅನ್ನಿಸ್ತಿತ್ತು. ಬಾಯಲ್ಲಿ ಹೇಳಿದ್ರೆ ನೀವು ಬಗ್ತೀರಿ. ಅದಕ್ಕೆ ತಟ್ಟಿದೆ."

"ಏನಂತ?"

"ಮೂರಕ್ಕೆ ಬೀಳ್ತೀನಿ. ನಾಲ್ಕಕ್ಕೆ ಎದ್ದು ಬರ್ತೀನಿ ಅಂತ."

ಫ್ಯಾನಿನ ತಂತಿ ಅವಳ ಕೈಯಲ್ಲೇ ಉಳಿಯಿತು. ಆ ಮಾತನ್ನು ಕೇಳಿ ಅವಳು ಬಗ್ಗಲಿಲ್ಲ. ಬಗ್ಗುವುದಕ್ಕೆ ಅಲ್ಲಿ ಪೆಟ್ಟಿಗೆಯೂ ಇರಲಿಲ್ಲ.

ತಂತಿಯನ್ನು ಸಿಕ್ಕಿಸುತ್ತ, "ಬರದೇ ಇದ್ರೆ?" ಎಂದಳು. ಅದು ಅವನನ್ನು ಕೇಳಿದ್ದೋ, ಹೋದವನನ್ನು ಕೇಳಿದ್ದೋ ಅವಳಿಗೇ ತಿಳಿಯಲಿಲ್ಲ.

ಅವನು ಆಗ ತಿರುಗಿದ, ಇಡೀ ಮೈಯಾಗಿ. ಹೆಲ್ಮೆಟ್ಟಿಲ್ಲದ ಮುಖ, ಹಳದಿ ದೀಪವಿಲ್ಲದ ಕಣ್ಣು, ಗದ್ದದ ಕೆಳಗೆ ಆ ಬಿಳಿಯ ಗೆರೆ. "ಅದು ನನ್ನ ಕೈಲಿಲ್ಲ," ಎಂದ. "ಬರ್ಬೇಕು ಅನ್ನೋದು ಮಾತ್ರ ನನ್ನ ಕೈಲಿದೆ."

ಸುಳ್ಳು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಹೆಲ್ಮೆಟ್ಟು ಎತ್ತಿ ಅವನ ತಲೆಗಿಟ್ಟಳು. ಬೋಲ್ಟು ತಿರುವಿದಳು. ಅಂಗೈ ಚಾಚಿದಳು. ಅವನು ತಟ್ಟಿದ. ಅವಳು ನಾಲ್ಕನ್ನೂ ಎಣಿಸಿದಳು.

ಗೋಪುರದ ತುದಿಯಲ್ಲಿ ಲೋಹಣ್ಣ ಅಳತೆ ಮೇಡಮ್ಮನ ಕೈಯ ಬೊಂಬೆಯಷ್ಟೇ ಕಂಡ. ಮೈಕಿನಲ್ಲಿ ಒಂದು ಎಂದರು. ಎರಡು ಎಂದರು. ಮೂರು. ಕಪ್ಪು ಆಕಾರ ತುದಿಯಿಂದ ಕಳಚಿಕೊಂಡಿತು. ಅವಳು ಕಣ್ಣು ಮುಚ್ಚಲಿಲ್ಲ. ಕೆಳಗೆ ಗಾಳಿ ತುಂಬಿದ ದೊಡ್ಡ ಹಾಸಿಗೆ ಭುಸ್ಸೆಂದು ಅವನನ್ನು ನುಂಗಿತು.

ನಾಲ್ಕು, ಎಂದಳು ಅವಳು, ತುಟಿ ಅಲುಗಿತೋ ಇಲ್ಲವೋ.

ಹಾಸಿಗೆ ಅಲ್ಲಾಡಿತು. ಒಂದು ಕಪ್ಪು ಕೈ ಮೇಲೆ ಬಂತು, ಆಮೇಲೆ ಹೆಲ್ಮೆಟ್ಟು. ಲೋಹಣ್ಣ ತೂರಾಡುತ್ತ ಎದ್ದು ನಿಂತು ತಿರುಗತೊಡಗಿದ. ಒಂದು ಸುತ್ತು ಪೂರ್ತಿ ತಿರುಗಿದ, ಅವಳೆಲ್ಲಿದ್ದಾಳೆಂದು ಸಿಗದೆ ಮತ್ತೆ ಅರ್ಧ ಸುತ್ತು. ಡೈರೆಕ್ಟರು ಕಟ್ ಎಂದು ಕೂಗುತ್ತಲೇ ಇದ್ದರು. ಬೊಂಬೆಯ ಬಗ್ಗೆ ಅತ್ತೆ ಹೇಳಿದ ಮಾತು ನೆನಪಾಯಿತು. ಅವಳು ನಡೆದುಹೋಗಿ ಅವನ ಕಣ್ಣಿನ ದೀಪಗಳ ಎದುರಿಗೆ ನಿಂತಳು.

ಸಂಜೆ ಕವಚವನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಹೊಡೆದರು. ಗೇಟಿನ ಬಳಿ ದಾರಿ ಎರಡಾಗುತ್ತಿತ್ತು. ಬಸ್ಸಿಗೆ ಅವಳು ಈ ಕಡೆ, ಅವನು ಆ ಕಡೆ. ಅವನ ಹೆಗಲಿಗೆ ಚೀಲವಿತ್ತು. ಹೇಳಬೇಕಾದ ಮಾತನ್ನು ಅವನು ನುಂಗಿಕೊಂಡು ನಿಂತಿದ್ದಾನೆಂದು ಅವಳಿಗೆ ಕಂಡಿತು. ಗವಸಿಲ್ಲದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ.

"ಬರ್ತೀನಿ," ಎಂದಳು ಅವಳು.

ಮಾತು ಹೊರಗೆ ಬಂದು ಇಬ್ಬರ ನಡು ನಿಂತಿತು. ಏನೂ ಆಗಲಿಲ್ಲ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

ಅವನ ಮುಖದಲ್ಲಿ ನಗು ನಿಧಾನವಾಗಿ, ಬಿದ್ದವನು ಏಳುವ ಹಾಗೆ ಎದ್ದಿತು. "ಎಲ್ಲಿಗೆ?" ಎಂದು ಕೇಳಿದ.

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು.

"ಗೊತ್ತಿಲ್ಲ," ಎಂದಳು. "ಬರ್ತೀನಿ."